ಡಬ್ಬಿಯ ಮೇಲಿಲ್ಲದ ತಾರೀಖು

ಮಧುವನಹಳ್ಳಿಯವರಿಗೆ ಹೊಸ ಮೊಬೈಲ್ ಬೇಕೆಂದರೆ ಕೊಳ್ಳೇಗಾಲ. ಹನೂರು ಕಡೆಯಿಂದ ಬರುವ ಬಸ್ಸೋ ಆಟೋವೋ ಹತ್ತಿದರೆ ಮುಗಿಯಿತು. ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ: ಎಷ್ಟು ಜಿಬಿ, ಕ್ಯಾಮೆರಾ ಹೆಂಗೆ, ಚಾರ್ಜ್ ಎಷ್ಟೊತ್ತು ನಿಲ್ತದೆ, ಇಎಂಐ ತಿಂಗಳಿಗೆ ಎಷ್ಟು ಬೀಳ್ತದೆ. ಕಟ್ಟಕಡೆಗೆ, ದುಡ್ಡು ತೆಗೆಯುವ ಮೊದಲು, ಇನ್ನೊಂದು: "ಈ ಕಂಪ್ನಿ ಹೆಂಗಣ್ಣ, ಬಾಳಿಕೆ ಬತ್ತದಾ?"

ಅಂಗಡಿಯವನು ತನಗೆ ಗೊತ್ತಿದ್ದನ್ನು ಹೇಳುತ್ತಾನೆ. ಯಾವ ಸೆಟ್ಟು ವಾಪಸ್ ಬಂತು, ಯಾವುದರ ಚಾರ್ಜಿಂಗ್ ಪಿನ್ ಬೇಗ ಸಡಿಲವಾಗುತ್ತದೆ, ಯಾವುದಕ್ಕೆ ಡಿಸ್‌ಪ್ಲೇ ಸಿಗುವುದಿಲ್ಲ ಎಂಬುದೆಲ್ಲ ಅವನ ಅನುಭವದಲ್ಲಿದೆ. ಆದರೆ ಫೋನಿನ ಆಯುಷ್ಯ ಈಗ ಪಿನ್ನು, ಗಾಜುಗಳ ಮೇಲಷ್ಟೇ ನಿಂತಿಲ್ಲ. ಒಳಗಿನ ಸಾಫ್ಟ್‌ವೇರನ್ನು ಕಂಪನಿ ಎಷ್ಟು ವರ್ಷ ನೋಡಿಕೊಳ್ಳುತ್ತದೆ ಎಂಬುದರ ಮೇಲೂ ನಿಂತಿದೆ. ಅದು ಅಂಗಡಿಯವನಿಗೆ ಗೊತ್ತಿರುವುದಿಲ್ಲ. ಡಬ್ಬಿಯ ಮೇಲೂ ಇರುವುದಿಲ್ಲ.

ಡಬ್ಬಿಯ ಮೇಲೆ ಬೇರೆ ಏನೆಲ್ಲ ಇರುತ್ತದೆ ನೋಡಿ. ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ, ತಯಾರಕರ ವಿಳಾಸ, ಗ್ರಾಹಕರು ದೂರು ಹೇಳಬೇಕಾದ ಸಂಖ್ಯೆ. 2011ರ ಪೊಟ್ಟಣ ಸರಕುಗಳ ನಿಯಮಗಳು ಇದನ್ನೆಲ್ಲ ಬರೆಯಿಸುತ್ತವೆ. ಫೋನ್ ಹೊಮ್ಮಿಸುವ ವಿಕಿರಣದ ಪ್ರಮಾಣವೂ ಇರುತ್ತದೆ. ಎರಡು ರೂಪಾಯಿಯ ಬಿಸ್ಕತ್ತಿಗೂ ಇಂಥ ತಿಂಗಳೊಳಗೆ ತಿನ್ನಿ ಎಂದು ಬರೆದಿರುತ್ತದೆ. ಹನ್ನೆರಡು ಸಾವಿರದ ಫೋನಿಗೆ ಮಾತ್ರ, ಇಂಥ ತಿಂಗಳ ನಂತರ ಇದಕ್ಕೆ ಭದ್ರತಾ ಅಪ್‌ಡೇಟ್ ಬರುವುದಿಲ್ಲ ಎಂದು ಬರೆಯಬೇಕಾಗಿಲ್ಲ.

ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನು ಜಿಯೋಫೋನ್ ಕೊಂಡವರು ಬಲ್ಲರು. 2017ರಲ್ಲಿ 1,500 ರೂಪಾಯಿ ಠೇವಣಿಯ ಲೆಕ್ಕದಲ್ಲಿ ಬಂದ ಆ ಗುಂಡಿ ಒತ್ತುವ ಫೋನು ಹಳ್ಳಿಗಳಲ್ಲಿ ಎಷ್ಟೋ ಹಿರಿಯರಿಗೆ ಮೊದಲ ಇಂಟರ್‌ನೆಟ್. ಅದರೊಳಗೆ ಆಂಡ್ರಾಯ್ಡ್ ಇರಲಿಲ್ಲ, ಕಾಯ್‌ಓಎಸ್ ಎಂಬ ಬೇರೆಯದೇ ವ್ಯವಸ್ಥೆ ಇತ್ತು. ಮರುವರ್ಷ ಸೆಪ್ಟೆಂಬರಿನಲ್ಲಿ ಅದಕ್ಕೆ ವಾಟ್ಸ್ಆ್ಯಪ್ ಬಂದಾಗ ಮೊಮ್ಮಕ್ಕಳ ಫೋಟೊ, ಮಗಳ ವಾಯ್ಸ್ ಮೆಸೇಜು ಎಲ್ಲ ಅದರಲ್ಲೇ ಆದವು. 2024ರ ಜೂನಿನಲ್ಲಿ ಆ ಫೋನುಗಳಿಗೆ ಹೊಸದಾಗಿ ವಾಟ್ಸ್ಆ್ಯಪ್ ಹಾಕಿಕೊಳ್ಳುವ ಅವಕಾಶ ನಿಂತಿತು. 2025ರ ಆರಂಭದಲ್ಲಿ ಮೊದಲೇ ಹಾಕಿಕೊಂಡವರಿಗೂ ಬಂದ್ ಆಯಿತು. ಫೋನಿನ ಗುಂಡಿಗಳು ಗಟ್ಟಿಯಾಗಿಯೇ ಇದ್ದವು, ಬ್ಯಾಟರಿಯೂ ನಿಲ್ಲುತ್ತಿತ್ತು. ಕಂಪನಿ ಹೆಂಗಣ್ಣ ಎಂದು ಕೇಳಿ ತಂದಿದ್ದರೂ ಉಪಯೋಗವಾಗುತ್ತಿರಲಿಲ್ಲ. ಫೋನು ಕೊಟ್ಟವರು ಒಬ್ಬರು, ಒಳಗಿನ ವ್ಯವಸ್ಥೆ ಇನ್ನೊಬ್ಬರದು, ನಿಲ್ಲಿಸಿದವರು ಮೂರನೆಯವರು.

ಆಂಡ್ರಾಯ್ಡ್ ಫೋನುಗಳಲ್ಲಿ ಇದೇ ಕಥೆ ಕಂತುಕಂತಾಗಿ ನಡೆಯುತ್ತದೆ. 2023ರ ಅಕ್ಟೋಬರಿನಿಂದ ವಾಟ್ಸ್ಆ್ಯಪ್‌ಗೆ ಕನಿಷ್ಠ ಆಂಡ್ರಾಯ್ಡ್ 5 ಬೇಕಾಯಿತು. ಅದು ತೀರಾ ಹಳೆಯದು, ಬಿಡಿ. ಬ್ಯಾಂಕುಗಳು ಅಷ್ಟು ತಾಳ್ಮೆಯವಲ್ಲ. ಸ್ಟೇಟ್ ಬ್ಯಾಂಕಿನ ಯೋನೋ ಆ್ಯಪ್ ಆಂಡ್ರಾಯ್ಡ್ 11 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ 2025ರ ಫೆಬ್ರುವರಿ 28ರ ನಂತರ ನಡೆಯುವುದಿಲ್ಲ ಎಂಬ ಸೂಚನೆ ಗ್ರಾಹಕರ ಪರದೆಯ ಮೇಲೆ ಬಂತು. ಜಿಯೋಫೋನ್ ನೆಕ್ಸ್ಟ್ 6,499 ರೂಪಾಯಿಗೆ ಮಾರುಕಟ್ಟೆಗೆ ಬಂದದ್ದು 2021ರ ನವೆಂಬರಿನಲ್ಲಿ, ಆಂಡ್ರಾಯ್ಡ್ 11ರ ಹಗುರ ಆವೃತ್ತಿಯೊಂದಿಗೆ. ಆ ವರ್ಷ ಸಿಕ್ಕಿದ ಅಗ್ಗದ ಫೋನುಗಳಲ್ಲಿ ಬಹಳಷ್ಟು ಅದೇ ಆವೃತ್ತಿಯವು. ಮೇಲಿನ ಆವೃತ್ತಿ ಸಿಗದೇ ಹೋದವರಿಗೆ ಮೂರೂಕಾಲು ವರ್ಷಕ್ಕೆ ಬ್ಯಾಂಕಿನ ಬಾಗಿಲು ಹಾಕಿತು. ಬ್ಯಾಂಕಿನದು ತಪ್ಪೆನ್ನುವಂತಿಲ್ಲ, ಭದ್ರತೆಯ ತೂತು ಮುಚ್ಚದ ಫೋನಿನಲ್ಲಿ ಖಾತೆ ತೆರೆದಿಡಲು ಯಾವ ಬ್ಯಾಂಕೂ ಒಪ್ಪುವುದಿಲ್ಲ. ಹಾಗಾದರೆ ತೂತು ಮುಚ್ಚಬೇಕಾದವರು ಯಾರು, ಎಲ್ಲಿಯವರೆಗೆ ಮುಚ್ಚುತ್ತಾರೆ ಎಂದು ಕೊಳ್ಳುವಾಗಲೇ ತಿಳಿಯಬೇಕಿತ್ತಲ್ಲ?

ಇದನ್ನು ಶೋಕಿಯ ವಿಷಯ ಎಂದು ತಳ್ಳಿಹಾಕುವವರು ಕೊಳ್ಳೇಗಾಲ, ಹನೂರು, ಯಳಂದೂರಿನ ಕೆಲಸಗಾರರ ಕೈ ನೋಡಬೇಕು. 2023ರ ಜನವರಿ 1ರಿಂದ ನರೇಗಾ ಹಾಜರಿ ಮೊಬೈಲ್ ಆ್ಯಪ್‌ನಲ್ಲೇ ಕಡ್ಡಾಯವಾಯಿತು. ಕೆರೆ ಹೂಳೆತ್ತುವ ಜಾಗದಲ್ಲಿ ಎಲ್ಲರ ಫೋಟೊ ತೆಗೆದು ಹಾಕಬೇಕಾದವರು ಕಾಯಕಬಂಧುಗಳು, ಬಳಸಬೇಕಾದದ್ದು ಅವರದೇ ಸ್ವಂತ ಫೋನು. ಫೋಟೊ ಹೋಗದಿದ್ದರೆ ಅಂದಿನ ಕೂಲಿಗೇ ಸಂಚಕಾರ. ರೈತರು 2020ರಿಂದ ತಮ್ಮ ಹೊಲದ ಬೆಳೆ ಸಮೀಕ್ಷೆಯನ್ನು ತಾವೇ ಆ್ಯಪ್‌ನಲ್ಲಿ ಮಾಡಬೇಕೆಂದು ಸರ್ಕಾರ ಹೇಳುತ್ತಿದೆ. 2025ರ ಸೆಪ್ಟೆಂಬರ್ 22ರಂದು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಶಿಕ್ಷಕರು ಮನೆಮನೆ ತಿರುಗಿದ್ದು ತಮ್ಮ ಮೊಬೈಲ್ ಹಿಡಿದೇ. ಮೊದಲ ದಿನಗಳಲ್ಲಿ ಆ್ಯಪ್ ತೆರೆಯದು, ಒಟಿಪಿ ಬಾರದು ಎಂಬ ದೂರು ರಾಜ್ಯದ ಉದ್ದಗಲಕ್ಕೂ ಕೇಳಿಬಂತು. ಆ್ಯಪಿನ ದೋಷ ಎಷ್ಟು, ಸರ್ವರಿನದು ಎಷ್ಟು, ಹಳೇ ಫೋನಿನದು ಎಷ್ಟು ಎಂದು ಮೇಷ್ಟರಿಗೆ ಹೇಗೆ ಗೊತ್ತಾಗಬೇಕು? ಅವರ ಪಾಲಿಗೆ ಎಲ್ಲವೂ "ಮೊಬೈಲ್ ಹ್ಯಾಂಗ್".

ಸರ್ಕಾರ ತಾನೇ ಫೋನು ಕೊಟ್ಟರೂ ಕಥೆ ಸುಖಾಂತ್ಯವಾಗುವುದಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 2019ರಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ 2 ಜಿಬಿ ರ‍್ಯಾಮ್‌ನ ಫೋನು ಹಂಚಿದರು. ಪೋಷಣ್ ಟ್ರ್ಯಾಕರ್ ಆ್ಯಪ್ ಬಂದ ಮೇಲೆ ಅವು ಕಾದು ಕೆಂಡವಾಗಿ ನಿಂತೇಹೋದವು. 2021ರ ಆಗಸ್ಟಿನಲ್ಲಿ ಕಾರ್ಯಕರ್ತೆಯರು ಫೋನುಗಳನ್ನು ಚೀಲಗಳಲ್ಲಿ ತುಂಬಿ ಇಲಾಖೆಗೇ ಹಿಂದಿರುಗಿಸುವ ಚಳವಳಿ ಹೂಡಿದರು. ಕೆಲಸಕ್ಕೆ ಬಾರದ ಸಾಮಾನಿಗೆ ಗ್ರಾಹಕರು ಕೊಟ್ಟ ಉತ್ತರಗಳಲ್ಲಿ ಇದಕ್ಕಿಂತ ನೇರವಾದದ್ದು ಇರಲಾರದು.

ಬ್ರ್ಯಾಂಡಿನ ಮೇಲಿನ ನಂಬಿಕೆ ಎಷ್ಟು ಬೇಗ ಹಳಸುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಗಳು ಸಾಲುಸಾಲಾಗಿವೆ. 2014ರ ಕೊನೆಯ ತ್ರೈಮಾಸಿಕದಲ್ಲಿ ಭಾರತದ ಸ್ಮಾರ್ಟ್‌ಫೋನ್ ಮಾರಾಟದಲ್ಲಿ ಮೈಕ್ರೋಮ್ಯಾಕ್ಸ್ ಸ್ಯಾಮ್‌ಸಂಗನ್ನೂ ಹಿಂದಿಕ್ಕಿದೆ ಎಂದು ಕೆನಾಲಿಸ್ ಸಂಸ್ಥೆ ಲೆಕ್ಕ ಕೊಟ್ಟಿತ್ತು. ಅದೇ ಕಂಪನಿಯ ಯು ಯುರೇಕಾ ಫೋನು 8,999 ರೂಪಾಯಿಗೆ ಬಂದಾಗ ಸಯನೋಜೆನ್ ಎಂಬ ಸಾಫ್ಟ್‌ವೇರೇ ಅದರ ದೊಡ್ಡ ಆಕರ್ಷಣೆ. ಅಪ್‌ಡೇಟ್ ಬೇಗ ಬರುತ್ತದೆ, ಹೆಚ್ಚು ಕಾಲ ಬರುತ್ತದೆ ಎಂದು ನಂಬಿ ಕೊಂಡವರು ಬಹಳ. 2016ರ ಡಿಸೆಂಬರ್ 31ಕ್ಕೆ ಸಯನೋಜೆನ್ ಕಂಪನಿ ತನ್ನ ಸೇವೆಗಳನ್ನೆಲ್ಲ ಮುಚ್ಚಿಕೊಂಡಿತು.

ಬೆಂಗಳೂರಿನ ಕ್ರಿಯೋ ಕಥೆ ಇನ್ನೂ ಕುತೂಹಲದ್ದು. 2016ರ ಏಪ್ರಿಲ್‌ನಲ್ಲಿ ಈ ಚಿಕ್ಕ ಕಂಪನಿ 19,999 ರೂಪಾಯಿಗೆ ಮಾರ್ಕ್ 1 ಎಂಬ ಫೋನು ತಂದಿತು. ಪ್ರತಿ ತಿಂಗಳೂ ಹೊಸ ಸೌಲಭ್ಯಗಳ ಅಪ್‌ಡೇಟ್ ಕೊಡುತ್ತೇವೆ, ನಿಮ್ಮ ಫೋನು ತಿಂಗಳಿಗೊಮ್ಮೆ ಹೊಸದಾಗುತ್ತದೆ ಎಂಬುದೇ ಅದರ ಘೋಷಣೆ. ಯೋಚನೆ ಸರಿಯಾಗಿತ್ತು, ಇಂದು ದೈತ್ಯ ಕಂಪನಿಗಳು ಜಾಹೀರಾತಿನಲ್ಲಿ ಹೇಳಿಕೊಳ್ಳುವುದನ್ನು ಅವರು ಎಷ್ಟೋ ಮುಂಚೆ ಹೇಳಿದ್ದರು. ಆದರೆ 2017ರ ಆಗಸ್ಟಿನಲ್ಲಿ ಕ್ರಿಯೋವನ್ನು ಹೈಕ್ ಮೆಸೆಂಜರ್ ಕೊಂಡುಕೊಂಡಿತು, ಮಾರ್ಕ್ 1ಕ್ಕೆ ತಮ್ಮ ಹುಟ್ಟಲಿಲ್ಲ. 2021ರ ಜನವರಿಯಲ್ಲಿ ಹೈಕ್ ಮೆಸೆಂಜರೂ ಬಾಗಿಲು ಹಾಕಿತು. ಮಾತು ಕೊಟ್ಟವರ ಮನಸ್ಸು ಒಳ್ಳೆಯದಾದರೆ ಸಾಲದು, ಮಾತು ಕೊಟ್ಟ ಕಂಪನಿ ಉಳಿದಿರಲೂಬೇಕು. ಎಲ್‌ಜಿಯಂಥ ಹೆಸರುವಾಸಿ ಕಂಪನಿಯೇ 2021ರ ಏಪ್ರಿಲ್‌ನಲ್ಲಿ ಫೋನ್ ವ್ಯಾಪಾರದಿಂದ ಹೊರನಡೆಯಿತು.

ಜಿಯೋನಿಯದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಕಾಲಕ್ಕೆ ನಮ್ಮ ಊರುಗಳ ಅಂಗಡಿ ಬೋರ್ಡುಗಳಲ್ಲೆಲ್ಲ ಅದರ ಹೆಸರಿತ್ತು. 2018ರಲ್ಲಿ ಚೀನಾದಲ್ಲಿ ದಿವಾಳಿಯಾಯಿತು. ಎರಡು ವರ್ಷದ ನಂತರ ಅಲ್ಲಿನ ನ್ಯಾಯಾಲಯದ ತೀರ್ಪೊಂದು ಬೆಳಕಿಗೆ ಬಂತು: ಜಿಯೋನಿಯ ಅಂಗಸಂಸ್ಥೆಯೊಂದು ಲಾಕ್‌ಸ್ಕ್ರೀನ್ ಆ್ಯಪಿನ ಅಪ್‌ಡೇಟ್ ನೆಪದಲ್ಲಿ 2 ಕೋಟಿಗೂ ಹೆಚ್ಚು ಫೋನುಗಳಿಗೆ ಕಳ್ಳ ತಂತ್ರಾಂಶ ತೂರಿಸಿ ಹಣ ಮಾಡಿಕೊಂಡಿತ್ತು. ಔಷಧಿ ಎಂದು ಕೊಟ್ಟದ್ದೇ ರೋಗವಾಗಿತ್ತು.

ಅಪ್‌ಡೇಟ್ ಎಂದರೆ ಜನ ಹೆದರುವುದರಲ್ಲಿ ಆಶ್ಚರ್ಯವೇನಿದೆ? "ಅಪ್‌ಡೇಟ್ ಕೊಟ್ಟೆ, ಅವತ್ತಿಂದ ಸ್ಲೋ" ಎಂಬ ಮಾತನ್ನು ಇಂಜಿನಿಯರುಗಳು ಮೂಢನಂಬಿಕೆ ಎಂದು ನಗುವುದುಂಟು. ನಗುವ ಮೊದಲು ದಾಖಲೆ ನೋಡಬೇಕು. ಹಳೆಯ ಬ್ಯಾಟರಿಯ ಐಫೋನುಗಳನ್ನು ಅಪ್‌ಡೇಟ್ ಮೂಲಕ ನಿಧಾನಗೊಳಿಸಿದ್ದನ್ನು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡು, ಬ್ಯಾಟರಿ ಬದಲಿಸುವ ದರ ಇಳಿಸಿತು. ಮರುವರ್ಷ ಇಟಲಿಯ ಸ್ಪರ್ಧಾ ಪ್ರಾಧಿಕಾರ, ಹಳೇ ಫೋನು ಹೊರಲಾರದ ಅಪ್‌ಡೇಟ್ ಹೇರಿದ್ದಕ್ಕೆ ಆ್ಯಪಲ್‌ಗೆ 1 ಕೋಟಿ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. 2025ರ ಜನವರಿಯಲ್ಲಿ ಗೂಗಲ್ ತನ್ನ ಪಿಕ್ಸೆಲ್ 4ಎ ಫೋನಿಗೆ ಕಳಿಸಿದ ಅಪ್‌ಡೇಟಿನಿಂದ ಕೆಲವು ಸೆಟ್ಟುಗಳ ಬ್ಯಾಟರಿ ನಿಲ್ಲುವ ಹೊತ್ತೇ ಕುಗ್ಗಿತು. ಕಂಪನಿ ಪರಿಹಾರ ಯೋಜನೆಯನ್ನೂ ಜೊತೆಯಲ್ಲೇ ಪ್ರಕಟಿಸಬೇಕಾಯಿತು.

ಇಷ್ಟರ ನಡುವೆ ಹಸಿರು ಗೆರೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಮೇಲಿಂದ ಕೆಳಕ್ಕೆ ಕೂದಲೆಳೆಯಷ್ಟು ತೆಳುವಾದ ಹಸಿರು ಅಥವಾ ಗುಲಾಬಿ ಗೆರೆ. ಬಿದ್ದಿಲ್ಲ, ನೀರು ಹೋಗಿಲ್ಲ, ಒಂದು ಗೀರೂ ಇಲ್ಲ. ಭಾರತದ ಒನ್‌ಪ್ಲಸ್, ಸ್ಯಾಮ್‌ಸಂಗ್ ಬಳಕೆದಾರರಲ್ಲಿ ಅನೇಕರು ಅಪ್‌ಡೇಟ್ ಹಾಕಿದ ಮೇಲೆಯೇ ಇದು ಕಾಣಿಸಿತೆಂದು 2023, 24ರಲ್ಲಿ ದೂರಿದರು. ಒನ್‌ಪ್ಲಸ್ ಕೊನೆಗೆ ಇಲ್ಲಿನ ಗ್ರಾಹಕರಿಗೆ ಆ ದೋಷಕ್ಕೆ ಮಾತ್ರ ಜೀವಮಾನದ ಉಚಿತ ಪರದೆ ಬದಲಾವಣೆ ಘೋಷಿಸಿತು. ಸ್ಯಾಮ್‌ಸಂಗ್ ಕೆಲವು ದುಬಾರಿ ಮಾದರಿಗಳಿಗೆ ಒಮ್ಮೆ ಉಚಿತವಾಗಿ ಬದಲಿಸಿಕೊಟ್ಟಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಮಳಿಗೆಗಳಿರುವ ದಕ್ಷಿಣ ಭಾರತದ ಸಂಘಟಿತ ಚಿಲ್ಲರೆ ವ್ಯಾಪಾರಿಗಳ ಸಂಘ, ಕಡಿಮೆ ಲಾಭಾಂಶ ಮತ್ತು ವಾರಂಟಿ ಇತ್ಯರ್ಥದ ವಿಳಂಬವನ್ನು ಮುಂದಿಟ್ಟು 2024ರ ಮೇ 1ರಿಂದ ಒನ್‌ಪ್ಲಸ್ ಮಾರಾಟ ನಿಲ್ಲಿಸುವುದಾಗಿ ಹೇಳಿದ್ದೂ ಆ ವರ್ಷವೇ. ಪರಿಹಾರ ಸಿಕ್ಕಿತು, ನಿಜ. ಅದು ಸಿಕ್ಕಿದ್ದು ದುಬಾರಿ ಫೋನಿನವರಿಗೆ, ಇಂಗ್ಲಿಷಿನಲ್ಲಿ ಗಲಾಟೆ ಮಾಡಬಲ್ಲವರಿಗೆ, ಸರ್ವಿಸ್ ಸೆಂಟರ್ ಹತ್ತಿರವಿದ್ದವರಿಗೆ.

ಕೊಳ್ಳೇಗಾಲದ ಕಡೆಯವರಿಗೆ ಎಷ್ಟೋ ಕಂಪನಿಗಳ ಅಧಿಕೃತ ಸರ್ವಿಸ್ ಸೆಂಟರ್ ಎಂದರೆ ಮೈಸೂರು, 60 ಕಿಲೋಮೀಟರಿಗೂ ಹೆಚ್ಚಿನ ದಾರಿ. ಒಂದು ದಿನದ ಕೂಲಿ ಹೋಯಿತು, ಫೋನು ಬಿಟ್ಟು ಬಂದರೆ ವಾಪಸ್ ತರಲು ಇನ್ನೊಂದು ದಿನ. ಆದ್ದರಿಂದ ಜನ ಹೋಗುವುದು ಪೇಟೆಯ ಚಿಕ್ಕ ರಿಪೇರಿ ಅಂಗಡಿಗೆ. ಗಾಜಿನ ಕೌಂಟರು, ಅದರ ಮೇಲೊಂದು ಬಿಸಿ ಹಲಗೆ, ಹೀರುಬಟ್ಟಲು, ಚೂಪು ಇಕ್ಕಳ, ಗೋಡೆಗೆ ನೇತುಹಾಕಿದ ಡಿಸ್‌ಪ್ಲೇ ಕಾಂಬೊಗಳು. ಹುಡುಗ ಹಿಂದಿನ ಮುಚ್ಚಳ ಬಿಸಿ ಮಾಡಿ ಎಬ್ಬಿಸಿ, ಬ್ಯಾಟರಿ ತೆಗೆದು, ಉಬ್ಬಿರುವುದನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸುತ್ತಾನೆ. ಬದಲಿಸಿ ಅರ್ಧ ಗಂಟೆಯಲ್ಲಿ ಕೈಗೆ ಕೊಡುತ್ತಾನೆ. ನಾಲ್ಕು ವರ್ಷದ ಫೋನನ್ನು ಆರು ವರ್ಷ ನಡೆಸುವುದು ಅವನ ಕೈಯಲ್ಲಿ ಸಾಧ್ಯ. ಅವನಿಂದಾಗದ್ದು ಒಂದೇ: ಕಂಪನಿ ನಿಲ್ಲಿಸಿದ ಅಪ್‌ಡೇಟ್ ತರಿಸುವುದು. "ಸಾಫ್ಟ್‌ವೇರ್ ಹೊಡಿಸಿದ್ರೆ ಸರಿಹೋಗ್ತದೆ" ಎಂದು ಅವನು ಹಾಕುವುದೂ ಆ ಫೋನಿಗೆ ಹಿಂದೆಂದೋ ಬಂದ ಕೊನೆಯ ಆವೃತ್ತಿಯನ್ನೇ.

ಈ ಕೊನೆಯ ಆವೃತ್ತಿ ಯಾವುದೆಂದು ಯಾರು ಬೇಕಾದರೂ ನೋಡಬಹುದು. ಎಷ್ಟೋ ಫೋನುಗಳಲ್ಲಿ ಸೆಟ್ಟಿಂಗ್ಸ್ ತೆರೆದು, ತಳದಲ್ಲಿರುವ ಅಬೌಟ್ ಫೋನ್ ಒತ್ತಿ, ಆಂಡ್ರಾಯ್ಡ್ ಆವೃತ್ತಿಯ ಮೇಲೆ ಬೆರಳಿಟ್ಟರೆ ಸೆಕ್ಯುರಿಟಿ ಅಪ್‌ಡೇಟ್ ಎಂಬ ಸಾಲಿನಲ್ಲಿ ತಾರೀಖು ಇರುತ್ತದೆ. 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಪತ್ತೆಯಾಗಿ, ಒಂದು ವೀಡಿಯೊ ಮೆಸೇಜಿನಿಂದಲೇ ಆಂಡ್ರಾಯ್ಡ್ ಫೋನಿನೊಳಗೆ ನುಗ್ಗಬಹುದೆಂದು ಗೊತ್ತಾದ ಮೇಲೆ ಗೂಗಲ್ ತಿಂಗಳಿಗೊಮ್ಮೆ ಭದ್ರತಾ ತೇಪೆ ಕೊಡತೊಡಗಿತು. ನಿಮ್ಮ ಫೋನಿನಲ್ಲಿ ಎರಡು ವರ್ಷ ಹಿಂದಿನ ತಾರೀಖು ಕಂಡರೆ, ಅಲ್ಲಿಂದೀಚೆಗೆ ಸಿಕ್ಕ ದೋಷಗಳಿಗೆ ಅದರಲ್ಲಿ ತೇಪೆ ಬಿದ್ದಿಲ್ಲವೆಂದೇ ಅರ್ಥ.

ಹಾಗೆಂದು ಭಯ ಹುಟ್ಟಿಸುವುದೂ ಸರಿಯಲ್ಲ. ಹಳ್ಳಿಗಳಲ್ಲಿ ಖಾತೆ ಖಾಲಿ ಮಾಡುವ ವಂಚಕರಲ್ಲಿ ಹೆಚ್ಚಿನವರು ಇಂಥ ಸೂಕ್ಷ್ಮ ದೋಷ ಹುಡುಕುತ್ತ ಕೂರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಆಮಂತ್ರಣ ಎಂದೋ, ಪಿಎಂ ಕಿಸಾನ್ ಎಂದೋ ಒಂದು ಫೈಲು ಕಳಿಸಿ, ಒತ್ತಿದವರ ಫೋನಿಗೆ ತಾವೇ ಇಳಿಯುತ್ತಾರೆ. ಎಂಥ ಹೊಸ ಫೋನಾದರೂ ಒತ್ತುವ ಬೆರಳನ್ನು ಪೂರ್ತಿ ತಡೆಯಲಾರದು. ಆದರೂ ಹೊಸ ಆವೃತ್ತಿಗಳಲ್ಲಿ ಎಚ್ಚರಿಕೆ, ತಡೆ ಹೆಚ್ಚಿವೆ. ಹಳೆಯದರಲ್ಲಿ ಅದೂ ಇಲ್ಲ.

ಕಂಪನಿಗಳು ಯಾಕೆ ಇಷ್ಟು ಬೇಗ ಅಪ್‌ಡೇಟ್ ನಿಲ್ಲಿಸುತ್ತವೆ? ಗೂಗಲ್ ಹೊಸ ಆಂಡ್ರಾಯ್ಡ್ ಕೊಟ್ಟ ಮಾತ್ರಕ್ಕೆ ಅದು ನೇರ ಫೋನಿಗೆ ಬರುವುದಿಲ್ಲ. ಚಿಪ್ ಮಾಡಿದವರು ತಮ್ಮ ಭಾಗ ಹೊಂದಿಸಬೇಕು, ಫೋನ್ ಕಂಪನಿ ತನ್ನ ಬಣ್ಣಬಟ್ಟೆ ತೊಡಿಸಬೇಕು, ಪ್ರತಿ ಮಾದರಿಯನ್ನೂ ಪರೀಕ್ಷಿಸಬೇಕು. ಇದಕ್ಕೆ ದುಡ್ಡು ಬೇಕು, ಅಗ್ಗದ ಫೋನಿನಲ್ಲಿ ಆ ದುಡ್ಡು ಮೊದಲೇ ಇಲ್ಲ. ಯಂತ್ರಾಂಶದಲ್ಲಿ ಶೇ 5ಕ್ಕಿಂತ ಹೆಚ್ಚು ನಿವ್ವಳ ಲಾಭ ಇಟ್ಟುಕೊಳ್ಳುವುದಿಲ್ಲ ಎಂದು ಶಿಯೋಮಿ 2018ರಲ್ಲಿ ಹೆಮ್ಮೆಯಿಂದ ಸಾರಿತ್ತು. ಉಳಿದ ಗಳಿಕೆ ಎಲ್ಲಿಂದ ಎಂಬುದಕ್ಕೆ ಅಗ್ಗದ ಫೋನುಗಳ ಫೈಲ್ ಮ್ಯಾನೇಜರಿನಲ್ಲೂ ಕಾಣಿಸಿಕೊಳ್ಳುವ ಜಾಹೀರಾತುಗಳೇ ಉತ್ತರ ಹೇಳುತ್ತವೆ. ಹೀಗಾಗಿ ವರ್ಷಕ್ಕೆ ಹತ್ತಾರು ಮಾದರಿ ತಂದು, ಎರಡೇ ವರ್ಷಕ್ಕೆ ಕೈಬಿಡುವುದು ವ್ಯಾಪಾರದ ಲೆಕ್ಕಕ್ಕೆ ಸರಿಹೊಂದುತ್ತದೆ.

ಕೊಳ್ಳುವವರ ಲೆಕ್ಕ ಬೇರೆ. 2023ರ ಅಕ್ಟೋಬರಿನಲ್ಲಿ ಗೂಗಲ್ ಪಿಕ್ಸೆಲ್ 8, ಮುಂದಿನ ಜನವರಿಯಲ್ಲಿ ಸ್ಯಾಮ್‌ಸಂಗ್ ಎಸ್24 ಬಂದಾಗ ಏಳು ವರ್ಷದ ಅಪ್‌ಡೇಟ್ ಮಾತು ಕೊಟ್ಟವು. ಮುಕ್ಕಾಲು ಲಕ್ಷ ಕೊಟ್ಟು ಕೊಂಡು ಎರಡೇ ವರ್ಷಕ್ಕೆ ಬದಲಿಸುವವರಿಗೆ ಏಳು ವರ್ಷ. ಹತ್ತು ಸಾವಿರದ ಫೋನನ್ನು ಮಗ ಬಳಸಿ, ಅಪ್ಪನಿಗೆ ಕೊಟ್ಟು, ಕೊನೆಗೆ ಮೊಮ್ಮಗಳ ಪಾಠಕ್ಕೆ ಒದಗಿಸುವ ಮನೆಗೆ ಎರಡು ವರ್ಷ. ಎಷ್ಟೋ ಬಾರಿ ಅದೂ ಪೂರ್ತಿಯಲ್ಲ: ಕಂಪನಿ ವರ್ಷ ಎಣಿಸುವುದು ಫೋನು ಬಿಡುಗಡೆಯಾದ ದಿನದಿಂದ. ಒಂದು ವರ್ಷ ಹಳೆಯ ಮಾದರಿಯನ್ನು ಹಬ್ಬದ ರಿಯಾಯಿತಿಯಲ್ಲಿ ಹದಿನೆಂಟು ತಿಂಗಳ ಇಎಂಐಗೆ ತಂದರೆ, ಕೊನೆಯ ಕಂತು ಕಟ್ಟುವ ಮೊದಲೇ ಅಪ್‌ಡೇಟ್ ಮುಗಿದಿರುತ್ತದೆ. ಅಗ್ಗಕ್ಕೆ ಇದು ಅನಿವಾರ್ಯ ಎಂಬ ವಾದವೂ ಈಗ ಪೂರ್ತಿ ನಿಲ್ಲುವುದಿಲ್ಲ. 2024ರಲ್ಲಿ ಇಪ್ಪತ್ತು ಸಾವಿರದೊಳಗೆ ಬಂದ ಸ್ಯಾಮ್‌ಸಂಗ್ ಎ16 5ಜಿ ಫೋನಿಗೆ ಅದೇ ಕಂಪನಿ ಆರು ವರ್ಷದ ಮಾತು ಕೊಟ್ಟಿತು.

ಬೇರೆ ದೇಶಗಳು ಇದನ್ನು ಕಂಪನಿಗಳ ಔದಾರ್ಯಕ್ಕೆ ಬಿಟ್ಟಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್‌ನೆಟ್‌ಗೆ ಸೇರುವ ಫೋನಿನಂಥ ಗ್ರಾಹಕ ಉಪಕರಣ ಮಾರಿದರೆ ಭದ್ರತಾ ಅಪ್‌ಡೇಟ್ ಕನಿಷ್ಠ ಎಂದಿನವರೆಗೆ ಎಂದು ತಯಾರಕರು ಪ್ರಕಟಿಸಲೇಬೇಕು. ಎಷ್ಟು ವರ್ಷ ಕೊಡಬೇಕೆಂದು ಆ ಕಾನೂನು ಹೇಳುವುದಿಲ್ಲ, ಮುಚ್ಚಿಡಬೇಡಿ ಎನ್ನುತ್ತದೆ ಅಷ್ಟೆ. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಇನ್ನೂ ಮುಂದೆ ಹೋಯಿತು: ಒಂದು ಮಾದರಿಯ ಕೊನೆಯ ಫೋನು ಮಾರುಕಟ್ಟೆಗೆ ಬಂದ ದಿನದಿಂದ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ. ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಗಮನಿಸಿ. ಅಲ್ಲಿ ಮಾರುವ ಬಹುತೇಕ ಕಂಪನಿಗಳೇ ಇಲ್ಲೂ ಮಾರುತ್ತಿರುವುದು.

ನಮ್ಮ ಸರ್ಕಾರಕ್ಕೆ ಫೋನ್ ಕಂಪನಿಗಳಿಗೆ ಆಜ್ಞೆ ಮಾಡುವುದು ಗೊತ್ತಿಲ್ಲವೆಂದಲ್ಲ. ಎಲ್ಲ ಫೋನುಗಳಲ್ಲೂ ಕನ್ನಡ ಓದಲು ಬರುವಂತೆ ಮಾಡಿದ್ದು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನಿಯಮ; ಅದಕ್ಕೆ ಶಹಭಾಸ್ ಎನ್ನಬೇಕು. ಆಪತ್ತಿನ ಗುಂಡಿಯನ್ನೂ 2017ರಿಂದ ಕಡ್ಡಾಯ ಮಾಡಿದರು. 2025ರ ನವೆಂಬರ್ ಕೊನೆಯಲ್ಲಂತೂ ಸಂಚಾರ ಸಾಥಿ ಆ್ಯಪನ್ನು ಪ್ರತಿ ಹೊಸ ಫೋನಿನಲ್ಲೂ ಮೊದಲೇ ತುಂಬಿಸಬೇಕು, ಆಗಲೇ ತಯಾರಾದವಕ್ಕೆ ಅಪ್‌ಡೇಟ್ ಮೂಲಕ ಕಳಿಸಬೇಕು ಎಂದು ದೂರಸಂಪರ್ಕ ಇಲಾಖೆ ಆದೇಶಿಸಿ, ವಿರೋಧ ಬಂದ ಮೇಲೆ ವಾರದೊಳಗೆ ಹಿಂತೆಗೆದುಕೊಂಡಿತು. ತನ್ನ ಆ್ಯಪ್ ತುಂಬಿಸಲು ಅಪ್‌ಡೇಟಿನ ದಾರಿ ಇದೆ ಎಂದು ಅರಿತಿರುವ ಇಲಾಖೆಗೆ, ಆ ದಾರಿ ಎಂದು ಮುಚ್ಚುತ್ತದೆ ಎಂದು ಡಬ್ಬಿಯ ಮೇಲೆ ಬರೆಯಿಸುವುದು ಕಷ್ಟವೇ?

ಅನ್ಯಾಯವಾದವರು ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಫೋನು ಎಲ್ಲಿ ಕೊಂಡಿದ್ದರೂ ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು; ಮಧುವನಹಳ್ಳಿಯವರಿಗೆ ಅದು ಚಾಮರಾಜನಗರ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅದಕ್ಕೂ ಮೊದಲು 1915 ಸಂಖ್ಯೆಯ ಸಹಾಯವಾಣಿ ಇದೆ. ಕೆಟ್ಟ ಪರದೆಗೆ, ಬಾರದ ವಾರಂಟಿಗೆ ಇದು ನಡೆಯುತ್ತದೆ. ಅಪ್‌ಡೇಟ್ ವಿಷಯದಲ್ಲಿ ಮಾತ್ರ ದೂರು ಗಟ್ಟಿಯಾಗಲು ಕಂಪನಿ ಏನು ಮಾತು ಕೊಟ್ಟಿತ್ತು ಎಂಬುದಕ್ಕೆ ಕಾಗದ ಬೇಕು, ಅದೇ ಇಲ್ಲ.

ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿತು, ಆ ವರ್ಷದ ಡಿಸೆಂಬರ್ 24ರಂದು ಜಾಲತಾಣವನ್ನೂ ತೆರೆಯಿತು. 2024ರಲ್ಲಿ ನೇಮಿಸಿದ ಇನ್ನೊಂದು ಸಮಿತಿ ಫೋನು ಮತ್ತು ಇತರ ಉಪಕರಣಗಳಿಗೆ ರಿಪೇರಿ ಸೂಚ್ಯಂಕ ಕೊಡಬೇಕೆಂದು 2025ರಲ್ಲಿ ವರದಿ ಸಲ್ಲಿಸಿದೆ. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಯಾವ ಸ್ಕ್ರೂ ಎಂಬುದರ ಜೊತೆ ಸಾಫ್ಟ್‌ವೇರ್ ಅಪ್‌ಡೇಟನ್ನೂ ಲೆಕ್ಕಕ್ಕೆ ಹಿಡಿದು, ಎಲ್ಲ ಕೂಡಿಸಿ ಒಂದು ಅಂಕ. ಅಂಕವನ್ನು ಕಂಪನಿಗಳೇ ಘೋಷಿಸಿಕೊಳ್ಳುವುದು. ಉದ್ದೇಶ ಒಳ್ಳೆಯದು, ಆದರೆ ಇಲ್ಲಿ ಒಂದು ಮೋಸಕ್ಕೆ ಎಡೆಯಿದೆ. ಸ್ಕ್ರೂ ಸುಲಭ, ಬ್ಯಾಟರಿ ಅಗ್ಗ ಎಂದು ನಾಲ್ಕು ಕಡೆ ಒಳ್ಳೆಯ ಅಂಕ ಗಳಿಸಿದ ಫೋನು ಒಂದೂವರೆ ವರ್ಷಕ್ಕೆ ಅಪ್‌ಡೇಟ್ ನಿಲ್ಲಿಸಿದರೂ ಒಟ್ಟು ಅಂಕದಲ್ಲಿ ಪಾಸಾಗಿಬಿಡಬಹುದು. ಸೂಚ್ಯಂಕ ಬೇಕಾದರೆ ಇರಲಿ. ಅದರ ಪಕ್ಕದಲ್ಲೇ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ಒಂದು ತಿಂಗಳು ಮತ್ತು ವರ್ಷ ಇರಬೇಕು. ಆ ತಾರೀಖಿಗೆ ಮೊದಲೇ ಅಪ್‌ಡೇಟ್ ನಿಲ್ಲಿಸಿದರೆ ಸೇವಾ ನ್ಯೂನತೆ ಎಂದು ಜಿಲ್ಲಾ ಆಯೋಗದ ಮುಂದೆ ಇಡಲು ಡಬ್ಬಿಯೇ ಸಾಕ್ಷಿಯಾಗುತ್ತದೆ.